ಡುಮ್ಮಿಯ ಬಿಡುಗಡೆ

ಓ ಅಲ್ಲಿ, ಆ ಸುಟ್ಟ ಲಾರಿಯ ಹಿಂದೆ ಬೆಳ್ಳಗೆ ಕಂಡದ್ದು ಅದೇ ತಾನೇ, ಅದೇ, ಎಡಗನ್ನಡಿ ಸೊಟ್ಟಗಿರುವ ವ್ಯಾನು ಇನ್ಯಾರದ್ದಿದೆ — ಡುಮ್ಮಿ, ನೀನೇ ಕಣೇ, ಏಳು ತಿಂಗಳಾಯಿತಲ್ಲೇ, ಬಂಪರಿನ ಸಂದಿಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಹೇಗೆ ಕೂತಿದ್ದೀಯ ನೋಡು, ಮೈತುಂಬ ಧೂಳು, ಆಸ್ಪತ್ರೆಯ ಬಟ್ಟೆ ಒಗೆಯುವವರ ವ್ಯಾನಿಗೆ ಈ ಗತಿಯೇ ಎಂದು ಅವಳಿಗೆ ನಗು ಬಂತು, ಠಾಣೆಯ ಹಿತ್ತಲಲ್ಲಿ ನಿಂತು ಹೀಗೆಲ್ಲ ನಗಬಾರದು, ಬಂತು, ಏನು ಮಾಡುವುದು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಕೈಯಲ್ಲಿ ಕೋರ್ಟಿನ ಆರ್ಡರು, ಕೇಸು ಮುಗಿಯುವವರೆಗೆ ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ತಂದು ನಿಲ್ಲಿಸಬೇಕು — ನಿಲ್ಲಿಸ್ತೀನಿ ಸ್ವಾಮಿ, ತೊಳೆದು ಒರೆಸಿ ನಿಲ್ಲಿಸ್ತೀನಿ. ನಿಧಾನಮ್ಮ, ಮೊದಲು ಚಾಸಿ ನಂಬರ್ ತೆಗೀಬೇಕು, ಪೇದೆ ಕಬ್ಬಿಣದ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿದ, ಒಂದೊಂದೇ ಅಂಕಿ ಮೂಡಿ ಬಂತು, ಆರ್ಡರಿನಲ್ಲಿದ್ದದ್ದರ ಜೊತೆ ಹೋಲಿಸಿ ನೋಡಿದ, ಸರಿಯಾಗಿದೆ, ಗಾಡಿ ಪಕ್ಕ ನಿಲ್ಲಿ, ಫೋಟೋ ಬೇಕು, ನಗಬೇಡಿ. ನಗದೆ ಇರೋದು ಹೇಗಪ್ಪ, ಏಳು ತಿಂಗಳು ಬಾಡಿಗೆ ಆಟೋದಲ್ಲಿ ಸಾಗಿಸಿದ್ದು ಸಾಕು, ವ್ಯಾನಿಲ್ಲದಿದ್ದರೆ ಶುಕ್ರವಾರದಿಂದ ಕೆಲಸ ಬೇರೆಯವರಿಗೆ ಅಂದಿತ್ತು ಆಸ್ಪತ್ರೆ, ಇವತ್ತು ಬುಧವಾರ, ಗೆದ್ದೆ, ಒಗೆಯುವ ಮನೆಯ ಆರು ಹೆಂಗಸರೂ ಬಾಗಿಲಲ್ಲೇ ಕಾಯುತ್ತಿರುತ್ತಾರೆ, ತಿರುವಿನಿಂದಲೇ ಹಾರನ್ ಹೊಡೆಯಬೇಕು, ಉದ್ದಕ್ಕೆ, ಬೀದಿಯೆಲ್ಲ ಬೈಯಲಿ.

ತಮ್ಮನಿಗೂ ಹೇಳಬೇಕು, ಜೈಲಿನ ಜಾಲರಿಯ ಈಚೆಯಿಂದ, ಡುಮ್ಮಿ ಬಂದಳು ಕಣೋ, ಹೆಸರಿಟ್ಟವನು ಅವನೇ, ಮೊದಲು ಅವಳನ್ನೇ ಬಿಡಿಸಿದೆಯಾ ಅಕ್ಕ ಅಂತಾನೆ, ತಮಾಷೆಗೇ ಅಂತಾನೆ — ದಾರಿಯಲ್ಲಿ ಯಾರೋ ಹತ್ತಿಸಿದ ಗಂಟು, ಮಾಸಿದ ಹೊದಿಕೆಗಳ ನಡುವೆ ಗಾಂಜಾ, ಒಳಗೇನಿದೆ ಅಂತ ನನಗೆ ಗೊತ್ತಿರಲಿಲ್ಲ ಅಕ್ಕ, ಅಂದಿದ್ದ, ಅವಳು ನಂಬಿದ್ದಳು, ಈಗಲೂ ನಂಬುತ್ತಾಳೆ, ಆದರೆ ಲಾಯರು, ನೋಡಿ ಅಮ್ಮ, ನಿಮಗೆ ಹೇಳದೆ ಕೇಳದೆ ಕೀಲಿ ತಗೊಂಡು ಹೋದ ಅಂತ ಬರೆದುಬಿಡೋಣ, ಗಾಡಿ ಬೇಗ ಬರುತ್ತೆ, ಅವನಿಗೇನಾಗುತ್ತೆ ಸಾರ್, ಅದು ಆಮೇಲೆ ನೋಡೋಣ, ಆರು ಹೆಂಗಸರ ಮುಖ ಕಣ್ಣೆದುರು ಬಂತು, ಬರೀರಿ ಎಂದಳು, ಪ್ರಮಾಣಪತ್ರಕ್ಕೆ ಸಹಿ ಹಾಕಿದಳು, ಒಂದೇ ಒಂದು ಸಾಲು, ಆಮೇಲೆ ಸರಿಮಾಡಿದರಾಯಿತು, ಇವತ್ತು ಅದೆಲ್ಲ ಬೇಡ, ಇವತ್ತು ಸಂತೋಷದ ದಿನ, ತಂದ ಬ್ಯಾಟರಿಯನ್ನು ತಾನೇ ಕೂರಿಸಿದಳು, ಅಬ್ಬಾ, ನೀವೇ ಮೆಕ್ಯಾನಿಕ್ಕಾ ಎಂದ ಪೇದೆ, ಬಾಗಿಲು ಕಿರ್ರೆಂದಿತು, ಒಳಗೆ ಇನ್ನೂ ಸೋಪಿನ ವಾಸನೆ, ಅವಳಿಗೆ ಅಳು ಬರುವಷ್ಟು ಖುಷಿಯಾಯಿತು, ಹತ್ತಿ ಕೂತಳು, ಕೀಲಿ ತಿರುಗಿಸಿದಳು, ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಸ್ಟಾರ್ಟ್ ಆದಳು ಡುಮ್ಮಿ, ಭಲೇ, ಕ್ಲಚ್ಚಿಗೆ ಕಾಲು ಚಾಚಿದಳು, ಸಿಗಲಿಲ್ಲ, ಇನ್ನಷ್ಟು ಚಾಚಿದಳು, ಬೆರಳ ತುದಿಯೂ ಮುಟ್ಟಲಿಲ್ಲ — ಸೀಟು ಹಿಂದಿದೆ, ಕೊನೆಯ ಹಲ್ಲಿನವರೆಗೂ ಹಿಂದಿದೆ, ಅವಳು ಕುಳ್ಳಿ, ತಮ್ಮ ಏಣಿಯಷ್ಟುದ್ದ, ಅವನು ಸಿಕ್ಕಿಬಿದ್ದ ದಿನ ಅವಳಿಗೆ ಜ್ವರ, ಇವತ್ತೊಂದು ದಿನ ನೀನು ಹೋಗಿ ಬಾರೋ ಎಂದು ಎಬ್ಬಿಸಿದ್ದು ಅವಳೇ, ಕೀಲಿ ಕೊಟ್ಟದ್ದು ಅವಳೇ, ಮೊಣಕಾಲು ತಾಗುತ್ತೆ ಇರು ಎಂದು ಬಗ್ಗಿ ಸೀಟು ತಳ್ಳಿದ್ದೂ ಅವಳೇ, ಪೊಲೀಸರು ಗಾಡಿಯನ್ನೆಲ್ಲ ಜಾಲಾಡಿದರು, ಇದೊಂದನ್ನು ಯಾರೂ ಬರೆದುಕೊಳ್ಳಲಿಲ್ಲ — ಹೊರಡಿ ಅಮ್ಮ, ಗೇಟು ತೆಗೆದಿದೆ, ಹೊರಡ್ತೀನಿ, ಸೀಟಿನಡಿಯ ಹಿಡಿಗೆ ಕೈ ಹಾಕಿದಳು, ಒಂದು ಸಲ ಎಳೆದರೆ ಮುಂದೆ ಬರುತ್ತದೆ, ಎಳೆಯಬೇಕು, ಎಂಜಿನ್ನು ಓಡುತ್ತಿದೆ, ಎಳೆಯಬೇಕು, ಸೀಟು, ಅವನ ಕಾಲಿಗೆಂದು ಅವಳೇ ಹಿಂದಕ್ಕೆ ತಳ್ಳಿದ ಸೀಟು