ಎರಡನೇ ಪಾಳಿಯವನು

ಷರ್ಟಿನ ತೋಳಿಗೆ ಕೊನೆಯ ಗೆರೆ ಎಳೆದು ಸೊಸೆ ಉಸ್ಸಪ್ಪಾ ಎನ್ನುವಷ್ಟರಲ್ಲಿ ಕಂಪ್ಯೂಟರ್ ಮೊಂಡು ಹಿಡಿದು ಕೂತಿತು. ನಕ್ಷೆಯ ಫೈಲನ್ನು ಮೇಲ್‌ಗೆ ಸೇರಿಸಲು ಹೋದರೆ ‘ಈ ಫೈಲ್ ಬೇರೆಯವರ ಬಳಕೆಯಲ್ಲಿದೆ’ ಎಂಬ ಉತ್ತರ. ಬೇರೆಯವರು ಅಂದರೆ ಯಾರು? ಗಂಡ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಇದ್ದದ್ದು ಅವಳು, ಮಾವ, ಮತ್ತು ಕಿಟಕಿಯಲ್ಲಿ ಒಣಗುತ್ತಿದ್ದ ಒಂದು ಜೊತೆ ಕಾಲುಚೀಲ.

ಬಟ್ಟೆ ಕಾರ್ಖಾನೆಯೊಂದು ಅವಳಿಗೆ ಕೊಟ್ಟ ಮೊದಲ ಕೆಲಸ ಇದು. ಹೊಲಿಗೆ ಮೆಷಿನ್ ಮುಂದೆ ಬೆನ್ನು ಮುರಿದುಕೊಂಡು ಸಾಕಾಗಿ, ಬಟ್ಟೆ ಕತ್ತರಿಸುವ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದನ್ನು ಹಟ ಹಿಡಿದು ಕಲಿತಿದ್ದಳು. ಕೈಗೆ ಬಂದದ್ದು ಬಾಯಿಗೆ ಬರದೆ ಹೋಗುತ್ತದೇನೋ ಎಂದು ಹೆದರುವಾಗಲೇ ಕಟಿಂಗ್ ಮಾಸ್ಟರ್ ಫೋನ್ ಬಂತು.

“ಏನಮ್ಮಾ, ಬಟ್ಟೆ ಹಾಸ್ಕೊಂಡು ಕಾಯ್ತಾ ಇದೀನಿ. ಊಟದ ಬೆಲ್ ಒಳಗೆ ನಕ್ಷೆ ಬರ್ಲಿಲ್ಲ ಅಂದ್ರೆ ಮೊದ್ಲು ನಕ್ಷೆ ಬರೀತಿದ್ದ ಹಳಬರಿಗೇ ಹೇಳ್ಬಿಡ್ತೀನಿ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.”

“ಕಳಿಸ್ತಾ ಇದೀನಿ ಸಾರ್, ಹೋಗ್ತಾ ಇದೆ,” ಎಂದು ಹಸಿ ಸುಳ್ಳು ಹೇಳಿ ಫೋನಿಟ್ಟು ಮಾವನ ಕಡೆ ತಿರುಗಿದಳು. ಏನೂ ಅರಿಯದವರ ಹಾಗೆ ಮಾವ ಪೇಪರ್ ಓದುತ್ತಿದ್ದರು, ಅದೂ ಜಾಹೀರಾತಿನ ಪುಟ.

“ಮಾವ, ಕಂಪ್ಯೂಟರ್ ಏನಾದ್ರೂ ಮುಟ್ಟಿದ್ರಾ?”

“ಮುಟ್ಟೋದೇನು, ಒಬ್ಬನ್ನ ಕೆಲಸಕ್ಕೆ ಸೇರಿಸ್ದೆ ಅಷ್ಟೆ.”

ಮಾವ ಜೀವಮಾನವಿಡೀ ಕಾರ್ಖಾನೆಯ ಗೇಟು ಕಾದವರು. ಮೊದಮೊದಲು ಕಂಪ್ಯೂಟರಿನ ತಂಟೆಗೇ ಹೋಗದವರು, ‘ಈ ಪ್ರೋಗ್ರಾಂ ಹೊರಗೆ ಹೋಗಬೇಕಂತೆ, ಬಿಡಲೇ?’ ಎಂದು ಫೈರ್‌ವಾಲ್ ಕೇಳಿದ ದಿನ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. “ಇವನು ನಮ್ಮವನು ಕಣಮ್ಮಾ! ಚೀಟಿ ಇಲ್ದೆ ಯಾರನ್ನೂ ಬಿಡಲ್ಲ.” ವೈರಸ್ ಹಿಡಿಯುವ ಸಾಫ್ಟ್‌ವೇರ್ ಅವರಿಗೆ ಇನ್ನೂ ಹೆಚ್ಚು ಹಿಡಿಸಿತ್ತು. ಗೇಟು ದಾಟಿ ಒಳಗೆ ಬಂದವರ ಚೀಲ ಬಿಚ್ಚಿಸಿ ನೋಡುವ ಕಾವಲುಗಾರ ಅದು. ಗೇಟಿಗೊಬ್ಬ, ಒಳಗೊಬ್ಬ, ವ್ಯವಸ್ಥೆ ಅಚ್ಚುಕಟ್ಟಾಗಿಯೇ ನಡೆದಿತ್ತು, ಮಾವನ ತಲೆಗೆ ಹೊಸ ಹುಳ ಹೊಗುವ ತನಕ.

“ಒಳಗಿನವನು ಪಾಪ, ಹಗಲೂ ರಾತ್ರಿ ಒಬ್ಬನೇ ಓಡಾಡ್ತಾನೆ. ಎರಡನೇ ಪಾಳಿಗೆ ಬದಲಿ ಬೇಡ್ವಾ? ಅದಕ್ಕೇ ಅಂಥೋನೇ ಇನ್ನೊಬ್ಬನ್ನ ತಂದು ಹಾಕ್ದೆ. ಬಿಟ್ಟಿ ಸಿಕ್ಕಿದ.”

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಮಾವ, ಇವರಿಗೆ ಪಾಳಿ ಗೀಳಿ ಏನೂ ಇಲ್ಲ. ಇಬ್ಬರೂ ಸದಾ ಎದ್ದೇ ಇರ್ತಾರೆ. ನನ್ನ ಫೈಲನ್ನ ಒಬ್ಬ ತಪಾಸಣೆಗೆ ಅಂತ ಎತ್ಕೊಂಡ್ರೆ, ಇನ್ನೊಬ್ಬ ಅವನನ್ನೇ ಕಳ್ಳ ಅಂತ ಹಿಡ್ಕೊಂಡಿದಾನೆ. ಇಬ್ಬರ ಜಗಳದಲ್ಲಿ ನನ್ನ ಷರ್ಟು ಸಿಕ್ಕಾಕ್ಕೊಂಡಿದೆ!”

ಸಿಟ್ಟು ನೆತ್ತಿಗೇರಿ, ಫೈರ್‌ವಾಲ್ ಸಮೇತ ಎಲ್ಲವನ್ನೂ ಆರಿಸಿಬಿಡಲು ಕೈಹಾಕಿದಳು.

“ಅಯ್ಯೋ, ಗೇಟು ತೆಗೆದಿಡ್ತೀಯಾ?” ಮಾವ ಪೇಪರ್ ಬಿಸಾಕಿ ಎದ್ದು ಬಂದರು. “ಜಗಳ ಒಳಗಿನವರದ್ದು. ಗೇಟಿನವನು ಏನು ಮಾಡ್ದ?”

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೆ ಅವಳಿಗೆ ಇನ್ನಷ್ಟು ಉರಿಯಿತು. “ಹಾಗಾದ್ರೆ ನೀವು ತಂದವನನ್ನ ನೀವೇ ಕಳಿಸಿ. ಬೇಗ!”

ಮಾವ ಕನ್ನಡಕ ಏರಿಸಿಕೊಂಡು ಕೂತು, ಹೊಸಬನ ಹೆಸರು ಹುಡುಕಿ, ‘ತೆಗೆದುಹಾಕು’ ಒತ್ತಿದರು. ಅದು ಸುಮ್ಮನೆ ಹೋಗುವ ಗಿರಾಕಿಯಾಗಿರಲಿಲ್ಲ. ‘ನಮ್ಮನ್ನು ಯಾಕೆ ತೆಗೆಯುತ್ತಿದ್ದೀರಿ? ಕಾರಣ ತಿಳಿಸಿ’ ಎಂದು ಕೇಳಿತು. ಕೆಳಗೆ ಉತ್ತರಗಳು ತಯಾರಿದ್ದವು: ಕೆಲಸ ಸರಿಯಿಲ್ಲ, ಇನ್ನು ಬೇಕಾಗಿಲ್ಲ, ಬೇರೆ ಕಾರಣ.

ಮಾವನ ಬೆರಳು ಅಲ್ಲೇ ನಿಂತುಬಿಟ್ಟಿತು.

“ಯಾವುದಾದ್ರೂ ಒಂದು ಒತ್ತಿ ಮಾವ, ಅದನ್ನೆಲ್ಲ ಯಾರು ನೋಡ್ತಾರೆ!”

“ನಮ್ಮ ಗೇಟಿಗೆ ಮೆಷಿನ್ ತಂದು ನಿಲ್ಲಿಸಿದ ದಿನ ನನಗೆ ಯಾರೂ ಕಾರಣ ಹೇಳ್ಲಿಲ್ಲ ಕಣಮ್ಮಾ. ಬೆಳಿಗ್ಗೆ ಎಂದಿನ ಹಾಗೆ ಹೋದೆ. ಕಾರ್ಡ್ ತೋರಿಸಿ ಅಂತು. ನನ್ನ ಹತ್ರ ಕಾರ್ಡ್ ಇರ್ಲಿಲ್ಲ.” ಮಾವ ತೆರೆಯಿಂದ ಕಣ್ಣು ತೆಗೆಯಲಿಲ್ಲ. “ನನ್ನ ಕೆಲಸದಲ್ಲಿ ಏನು ಕಮ್ಮಿ ಆಗಿತ್ತು ಅಂತ ಇವತ್ತಿಗೂ ಯೋಚನೆ ಮಾಡ್ತೀನಿ.”

ವಯಸ್ಸಾಯಿತು, ಸಾಕೆಂದು ತಾನೇ ಬಿಟ್ಟೆ ಎಂದು ಅವರು ಮನೆಮಂದಿಗೆಲ್ಲ ಹೇಳಿಕೊಂಡು ಬಂದಿದ್ದರು. ಸೊಸೆ ಗಡಿಯಾರ ನೋಡಿದಳು. ಹಾಸಿದ ಬಟ್ಟೆ, ಊಟದ ಬೆಲ್, ಹಳಬರು ಎಲ್ಲ ಕಣ್ಣ ಮುಂದೆ ಬಂದವು. ಆದರೂ ಕೀಲಿಮಣೆಯನ್ನು ಅವರ ಕಡೆ ಸರಿಸಿದಳು.

ಮಾವ ‘ಬೇರೆ ಕಾರಣ’ ಒತ್ತಿ, ಒಂದೊಂದೇ ಅಕ್ಷರ ಹುಡುಕಿ ಬರೆದರು: ‘ಇವನ ಕೆಲಸದಲ್ಲಿ ತಪ್ಪಿಲ್ಲ. ಜಾಗ ಇದ್ದದ್ದು ಒಬ್ಬನಿಗೇ. ಬೇರೆ ಮನೆಯವರು ಧೈರ್ಯವಾಗಿ ಇಟ್ಟುಕೊಳ್ಳಬಹುದು.’

ಕಂಪ್ಯೂಟರ್ ಒಮ್ಮೆ ಆರಿ ಹತ್ತಿಕೊಂಡಿತು. ಫೈರ್‌ವಾಲ್ ತಕರಾರೆತ್ತಲಿಲ್ಲ, ಒಳಗಿನವನು ಒಂದು ಸಲ ನೋಡಿ ಬಿಟ್ಟ, ಷರ್ಟಿನ ಫೈಲು ಹೊರಟೇಹೋಯಿತು. “ಬಂತಮ್ಮಾ! ಬೆಲ್ ಹೊಡೀತಾ ಇದೆ, ಬಚಾವಾದ್ರಿ,” ಎಂದು ಕಟಿಂಗ್ ಮಾಸ್ಟರ್ ಫೋನಿನಲ್ಲಿ ಕೂಗಿದಾಗ ಸೊಸೆ ಕುಣಿಯುವುದೊಂದು ಬಾಕಿ. ಮಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ನಾನು ಬರೆದದ್ದನ್ನ ಅಲ್ಲಿ ಯಾರಾದ್ರೂ ಓದ್ತಾರಾ ಅಮ್ಮಾ?”

ಅವಳಿಗೆ ಗೊತ್ತಿರಲಿಲ್ಲ.

“ಓದ್ತಾರೆ ಮಾವ,” ಎಂದಳು.