ಸಾಲಿನ ತಲೆ

“ಬೂಟು ಎಳಿಯಲೇ ಕತ್ತಿಮಗನ! ಅದರ ಜೋಡಿ ಕಾಲೂ ಕಿತ್ತು ಬರತೈತೇನು?”

ಜೆಮೀಲ್ ಆಘಾ ಬೈದದ್ದು ಕುರ್ದಿಶ್ ಭಾಷೆಯಲ್ಲಿ. ಆದರೂ ಮಲ್ಲಪ್ಪನಿಗೆ ಒಂದಕ್ಷರ ಬಿಡದೆ ತಿಳಿಯಿತು. ಸಿಂದಗಿ ಕಡೆ ಗೌಡನ ಹೊಲದಲ್ಲಿ ಅವನಪ್ಪ ಉಂಡ ಬೈಗುಳಕ್ಕೂ ಇದೇ ರಾಗವಿತ್ತು.

ಅಮೆರಿಕದ ಪ್ಲಿಮತ್ ಹತ್ತಿರ ತಗಡಿನಿಂದ ಕಾರಿನ ಬಿಡಿಭಾಗ ಒತ್ತುವ ಶಾಪು ಅದು. ಊಟದ ಕೋಣೆಯಲ್ಲಿ ಶೇರ್ಕೊ ನೆಲಕ್ಕೆ ಕೂತು ಆಘಾನ ಬೂಟು ಎಳೆಯುತ್ತಿದ್ದ. ಇಬ್ಬರೂ ಇರಾಕಿನ ಬೆಟ್ಟಗಳಿಂದ ಓಡಿಬಂದ ಕುರ್ದರು. ಇಲ್ಲಿ ಇಬ್ಬರಿಗೂ ಒಂದೇ ಕೆಲಸ, ಒಂದೇ ಕೂಲಿ. ಅಲ್ಲಿ ಮಾತ್ರ ಆಘಾ ಊರಿನ ಒಡೆಯ, ಶೇರ್ಕೊ ಅವನ ಒಕ್ಕಲು. ಶೇರ್ಕೊನನ್ನು ಕೆಲಸಕ್ಕೆ ಹಚ್ಚಿದವನು ಆಘಾ. ಫೋರ್‌ಮನ್ ಕಿವಿಯಲ್ಲಿ ಒಂದು ಮಾತು ಊದಿ ತೆಗೆಸಬಲ್ಲವನೂ ಅವನೇ.

ಫೋರ್‌ಮನ್ನನಿಗೆ ಇದೆಲ್ಲ ಮಜಾ. “ಅರಬ್ಬರ ಸರ್ಕಸ್ಸು” ಅಂತ ನಗುತ್ತಿದ್ದ. ಅರಬ್ಬರಲ್ಲ, ಕುರ್ದರು ಅಂದರೆ, “ಎಲ್ಲಿದೆ ನಿಮ್ಮ ದೇಶ, ಮ್ಯಾಪಿನಲ್ಲಿ ತೋರಿಸು” ಅನ್ನುತ್ತಿದ್ದ.

ಮಲ್ಲಪ್ಪ ಓದಿದ್ದು ಇಂಜಿನಿಯರಿಂಗು. ಅಮೆರಿಕದ ಅನುಭವ ಇಲ್ಲವೆಂದು ಯಾವ ಆಫೀಸೂ ಒಳಗೆ ಬಿಡದೆ, ಪ್ರೆಸ್ಸಿನ ಮುಂದೆ ಬಂದು ನಿಂತಿದ್ದ. ಶೇರ್ಕೊನ ಮುರುಕು ಇಂಗ್ಲಿಷು ಅವನ ಕಿವಿಗೆ ಸಿಂದಗಿ ಕನ್ನಡವಾಗಿಯೇ ಬೀಳುತ್ತಿತ್ತು.

“ಅವನೂ ಕೂಲಿ, ನೀನೂ ಕೂಲಿ. ಅವನ ಬೂಟು ನೀ ಯಾಕ ಎಳೀತಿಯೋ ತಮ್ಮಾ?” ಎಂದು ಮಲ್ಲಪ್ಪ ಒಂದು ದಿನ ಕೇಳಿದ.

“ಮೊದಲ ನಾವು ಬಸವನ ಹಿಂದ ಬಾಲ ಇದ್ದಂಗ ಇದ್ವಿ. ನಮ್ಮ ನಾಯಕ ಅಂದದ್ದ ಮಾತು. ಬಗ್ದಾದಿನ ಸರಕಾರದ ಮ್ಯಾಲ ಬಡದಾಡಾಕ ಇರಾನಿನ ದೊರಿ ಶಾ ಬಂದೂಕು ಕೊಟ್ಟ, ಅಮೆರಿಕಾ ಬೆನ್ನು ಚಪ್ಪರಿಸಿತು. ಎಪ್ಪತ್ತೈದರಾಗ ಶಾ ಬಗ್ದಾದಿನ ಜೋಡಿ ರಾಜಿಯಾದ, ಎಲ್ಲಾರೂ ಕೈಬಿಟ್ರು. ಆಘಾಗಳು ಮೋಟಾರಿನ್ಯಾಗ ಗಡಿ ದಾಟಿದ್ರು. ನಾವು ಹಿಮದಾಗ ನಡದ್ವಿ.”

“ಮತ್ತ ಈಗ?”

“ಈಗ ನಮ್ಮ ಹೊಸ ಪಾರ್ಟಿ ಹುಡುಗರು ಬ್ಯಾರೆ ಹೇಳ್ತಾರ. ಬಗ್ದಾದಿನಿಂದ ಬಿಡುಗಡಿ ಆದ್ರ ಸಾಲದು, ಆಘಾನಿಂದಾನೂ ಆಗಬೇಕು. ಉಳಾವಂಗ ಭೂಮಿ.”

“ಹಾಂಗಂದ್ರ ಬೂಟು?”

ಶೇರ್ಕೊನ ಕಿವಿ ಕೆಂಪಾಯಿತು. “ಅದು ಇನ್ನೂ ಪಾರ್ಟಿಯಾಗ ಚರ್ಚಾ ನಡದೈತಿ.”

ಮಲ್ಲಪ್ಪ ಬಾಯಲ್ಲಿದ್ದ ಚಹಾ ಉಗುಳುವಷ್ಟು ನಕ್ಕ.

ಮಾರ್ಚಿನಲ್ಲಿ ಅವರ ಹೊಸವರ್ಷ ನವ್‌ರೋಜ್ ಬಂತು. ಊಟದ ಬಿಡುವಿನಲ್ಲಿ, ಹಿಮ ಇನ್ನೂ ಕರಗದ ಪಾರ್ಕಿಂಗ್ ಲಾಟಿನಲ್ಲಿ ತಗಡಿನ ಡ್ರಮ್ಮಿಗೆ ಮುರುಕು ಹಲಗೆ ತುಂಬಿ ಬೆಂಕಿ ಹಚ್ಚಿದರು. ಶೇರ್ಕೊ, ಇನ್ನಿಬ್ಬರು ಕುರ್ದರು, ಬಾಲಕ್ಕೆ ಮಲ್ಲಪ್ಪ, ಕಿರುಬೆರಳಿಗೆ ಕಿರುಬೆರಳು ಹೆಣೆದು ಕುಣಿತಕ್ಕೆ ನಿಂತರು. ಸಾಲಿನ ತಲೆಯಲ್ಲಿ ನಿಂತವನು ಕರವಸ್ತ್ರ ಬೀಸಬೇಕು, ಉಳಿದವರು ಅವನ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಆ ಜಾಗ ತಲೆತಲಾಂತರದಿಂದ ಆಘಾನದು. ಅವನು ರೇಷ್ಮೆ ಕರವಸ್ತ್ರ ಹಿಡಿದು ಬರುವಷ್ಟರಲ್ಲಿ ಅಲ್ಲಿ ಶೇರ್ಕೊ ನಿಂತಿದ್ದ, ಗ್ರೀಸು ಒರೆಸುವ ಬಟ್ಟೆ ಬೀಸುತ್ತ.

“ಸರಿಯಲೇ ಅತ್ತ!”

ಶೇರ್ಕೊ ಬಟ್ಟೆಯಿಂದಲೇ ಸಾಲಿನ ಕೊನೆ ತೋರಿಸಿದ. “ಜಾಗ ಬಾಲದಾಗ ಐತಿ, ಆಘಾ.”

“ನಾಳೆ ನಿನಗ ಕೆಲಸ ಇರೂದಿಲ್ಲ, ಬೋಳಿಮಗನ!”

“ಹಾಂಗಾದ್ರ ಇವತ್ತ ಕುಣದಬಿಡ್ತೀನಿ.”

ಅಷ್ಟರಲ್ಲಿ ಫೋರ್‌ಮನ್ ಹೊರಗೆ ಬಂದ. “ಆರಿಸ್ರೋ ಅದನ್ನ! ಇಲ್ಲಾಂದ್ರೆ ಎಲ್ಲ ಮನೆಗೆ!”

ಆಘಾ ಎದೆಯುಬ್ಬಿಸಿ ಮುಂದೆ ಹೋದ. “ಸರ್, ನಾನು ಇವರ ದೊಡ್ಡವನು. ನಾನು ಹೇಳ್ತೀನಿ...”

“ನೀನೂ ಒಂದು ಒಂಟೆ ಕಣೋ. ಬಾಯಿ ಮುಚ್ಚು!”

ಆಘಾನ ಮೀಸೆ ಜೋತುಬಿತ್ತು. ನಿಂತ. ಅತ್ತಿತ್ತ ನೋಡಿದ. ಆಮೇಲೆ ಮೆಲ್ಲಗೆ ಬಾಲಕ್ಕೆ ಬಂದು ಕಿರುಬೆರಳು ಚಾಚಿದ.

ಮಲ್ಲಪ್ಪನಿಗೆ ಬಾಡಿಗೆ ಮನೆ ನೆನಪಾಯಿತು, ಹೊಸ ಕೂಸು ನೆನಪಾಯಿತು. ಬೆರಳು ಬಿಡಿಸಿಕೊಂಡು ಒಳಗೆ ಓಡಬೇಕೆನಿಸಿತು. ಓಡಲಿಲ್ಲ.

“ಬಾ ಗೌಡಾ,” ಎಂದು ಆಘಾನ ಬೆರಳು ಹಿಡಿದ. “ಹೆಜ್ಜಿ ತಪ್ಪಬ್ಯಾಡ.”

ಬಿಡುವು ಮುಗಿದ ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ. ಫೋರ್‌ಮನ್ ನೀರಿನ ಪೈಪು ಎಳೆದುಕೊಂಡು ಡ್ರಮ್ಮಿನ ಕಡೆ ನುಗ್ಗಿದ. ಶೇರ್ಕೊ ಬಟ್ಟೆ ಎತ್ತಿ ಬೀಸಿ, ಭುಜ ಕುಣಿಸುತ್ತ, ಸಾಲನ್ನು ಅತ್ತಲೇ ತಿರುಗಿಸಿ, ಡ್ರಮ್ಮಿಗೆ ದಾರಿ ಸಿಗದಂತೆ ಫೋರ್‌ಮನ್ನನ ಸುತ್ತ ತಂದ.