ಮೀನಿನ ಬಾಯಿಯ ನೀರು

ಮನೆಮನೆಗೆ ಟಪಾಲು ಹಂಚುವ ಪೋಸ್ಟಿನಕ್ಕನಿಗೆ ಪಿತ್ತ ನೆತ್ತಿಗೇರಿತ್ತು. ಯಾರು ಬೇಕಾದರೂ ಮೊಬೈಲಿನಲ್ಲಿ ತಿದ್ದಬಹುದಾದ ಊರಿನ ನಕ್ಷೆಯಲ್ಲಿ, ಚೌಕದ ಕಲ್ಲುಮೀನಿನ ಕಾರಂಜಿಯನ್ನು ಅವಳು ‘ಕುಡಿಯುವ ನೀರು’ ಎಂದು ಗುರುತಿಸಿದ್ದಳು. ‘ಬೋಲ್ಟು’ ಎಂದು ಹೆಸರಿಟ್ಟುಕೊಂಡ ಯಾವನೋ ಅದನ್ನು ‘ಅಲಂಕಾರಕ್ಕೆ ಮಾತ್ರ’ ಎಂದು ಬದಲಾಯಿಸಿದ. ಅವಳು ತಿದ್ದಿದಳು, ಅವನು ಮತ್ತೆ ತಿದ್ದಿದ. ಹೀಗೆ ಒಂಬತ್ತು ಸಲ. ಮದುವೆ ಮುರಿಯುವುದಕ್ಕೂ ಇಷ್ಟು ಜಗಳ ಬೇಡ.

ಬರೀ ಹಟವಾಗಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದಳು. ಆದರೆ ಈ ಬೇಸಿಗೆಯಲ್ಲಿ ಅದೇ ನಕ್ಷೆ ನೋಡಿ ಅಲಂಕಾರದ ಕಾರಂಜಿಗಳನ್ನೆಲ್ಲ ಸೋಮವಾರದಿಂದ ಬಂದ್ ಮಾಡುವುದಾಗಿ ನೀರಿನ ಇಲಾಖೆ ನೋಟಿಸ್ ಅಂಟಿಸಿತ್ತು. ತಾನು ಹಾಕಿದ ಪೈಪು ಎಲ್ಲಿದೆ ಎಂದು ಇಲಾಖೆಗೇ ಗೊತ್ತಿಲ್ಲ, ಅದು ಬೇರೆ ಮಾತು. ಬೀದಿ ಗುಡಿಸುವ ಹೆಂಗಸರು ಬಾಟಲಿ ತುಂಬಿಸಿಕೊಳ್ಳುವುದು ಆ ಮೀನಿನ ಬಾಯಿಂದಲೇ. ಚೀಲ ಹೊತ್ತು ಏರು ಹತ್ತಿ ಬರುವ ಇವಳೂ ಅಷ್ಟೆ. ಕೂತಲ್ಲಿಂದ ಏಳದವನಿಗೆ ಬಾಯಾರಿಕೆ ಏನು ಗೊತ್ತು ಎಂದು ಹಲ್ಲು ಕಡಿದಳು.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಕೂತು, ಕಣ್ಣಾರೆ ನೋಡದೆ ತಲೆಹರಟೆ ಮಾಡಬೇಡಿ ಎಂದು ಬೋಲ್ಟುವಿಗೆ ಬರೆದಳು. ತಟ್ಟನೆ ಉತ್ತರ ಬಂತು: “ಆ ಪಂಪು ತೊಟ್ಟಿಯ ಎಂಜಲನ್ನೇ ಎತ್ತಿ ಮತ್ತೆ ಉಗುಳುತ್ತೆ. ಕುಡಿದವರು ಹೊಟ್ಟೆ ಹಿಡ್ಕೊಂಡು ಮಲಗ್ತಾರೆ. ನಂಗೆ ಹೇಳೋಕೆ ಬರಬೇಡಿ.”

ತೊಟ್ಟಿಯ ಎಂಜಲು. ಹಾಗೆ ಮಾತಾಡುವವನು ಈ ಭೂಮಿಯ ಮೇಲೆ ಒಬ್ಬನೇ. ಊಟಕ್ಕೆ ಕೂತಾಗಲೆಲ್ಲ ಅವಳು ಅದನ್ನು ಕೇಳಿ ಕೇಳಿ ಬೆಳೆದವಳು. ಅವನು ಗೋಡೆಯಾಚೆಯ ಕೋಣೆಯಲ್ಲೇ ಇದ್ದ. ಅದೇ ಇಲಾಖೆಯಲ್ಲಿ ವಾಲ್ವ್ ತಿರುಗಿಸುತ್ತಿದ್ದು, ಬಿದ್ದು ಸೊಂಟ ಮುರಿದುಕೊಂಡು, ಮೂರು ವರ್ಷದಿಂದ ಮಂಚ ಹಿಡಿದಿದ್ದ ಅವಳ ಅಣ್ಣ.

ಅವಳ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಹಿಂದಿನ ದಿನ ಕಾರಂಜಿಯಲ್ಲಿ ತುಂಬಿಸಿದ್ದ ಬಾಟಲಿ ಚೀಲದಲ್ಲೇ ಇತ್ತು. ಅದನ್ನು ಒಯ್ದು ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಕ್ಕಿದಳು.

“ಕುಡಿ. ಮೀನಿನ ಬಾಯಿಂದು.”

ಅವನು ಬಾಟಲಿ ನೋಡಿದ, ಅವಳನ್ನು ನೋಡಿದ. ನಕ್ಷೆಯ ಆ ಮೊಂಡು ಪ್ರಾಣಿ ನೀನೇನಾ ಎಂದು ಅವನೂ ರೇಗಿದ. ಜನ ಕಾಯಿಲೆ ಬೀಳಲಿ ಎಂದು ಸುಮ್ಮನಿರಬೇಕಿತ್ತಾ ಎಂದ. ಹೋದ ವರ್ಷವೇ ಹೊಸ ಪೈಪು ಎಳೆದು ಕುಡಿಯುವ ನೀರಿನ ಲೈನಿಗೆ ಸೇರಿಸಿದ್ದಾರೆ, ಪಂಪು ಗುಜರಿ ಸೇರಿ ಆಯಿತು ಎಂದು ಇವಳು ಅರಚಿದಳು.

ಅಣ್ಣ ಬಾಟಲಿ ಎತ್ತಿಕೊಂಡ. ಮುಚ್ಚಳ ತೆಗೆದು ಮೂಸಿದ. ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದ.

“ನನ್ನ ಪಂಪು ಕಿತ್ತಾಕಿದ್ರಾ,” ಎಂದ. “ಇಲಾಖೆಯವರು ಹೇಳ್ಲಿಲ್ಲ, ಬಿಡು. ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?”

ಈಗ ಅವಳಿಗೆ ತನ್ನ ಮೇಲೇ ಕೆಂಡದಂಥ ಸಿಟ್ಟು ಬಂತು. ಆ ಕೆಲಸ ನಡೆಯುವಾಗ ದಿನಾ ಅದರ ಪಕ್ಕದಲ್ಲೇ ಓಡಾಡಿದ್ದಳು. ಊರಿಗೆಲ್ಲ ಒಂಬತ್ತು ಸಲ ಸಾರಿದ್ದನ್ನು ಅಣ್ಣನಿಗೆ ಒಂದು ಸಲವೂ ಹೇಳಿರಲಿಲ್ಲ. ತಟ್ಟೆ ಇಟ್ಟು, ಮಾತ್ರೆ ಕೊಟ್ಟು, ಬಾಗಿಲು ಎಳೆದುಕೊಂಡು ಬರುತ್ತಿದ್ದಳು, ಅಷ್ಟೆ.

ಅಣ್ಣ ಮೊಬೈಲು ಎತ್ತಿಕೊಂಡು ಕಾರಂಜಿಯನ್ನು ‘ಕುಡಿಯುವ ನೀರು’ ಎಂದು ತಿದ್ದಿದ. ಕಾರಣ ಬರೆಯುವ ಜಾಗದಲ್ಲಿ “ಕುಡಿದು ನೋಡಿದೆ. ತಂಗಿ ತಂದುಕೊಟ್ಟಳು” ಎಂದು ಬರೆದ. ಆಮೇಲೆ ಉಳಿದ ನೀರನ್ನೂ ಕುಡಿದು, ಖಾಲಿ ಬಾಟಲಿಯನ್ನು ಅವಳ ಕೈಗೆ ಕೊಟ್ಟ.